ಡಾಕ್ಟರರಿಗೆ ಪಾಠ ಹೇಳುವವರಿಗೂ ಒಂದು ಪಾಠ

ಮಂಗಳೂರಿನ ನಂತೂರು ವೃತ್ತದಲ್ಲಿ ಬೆಳಗಿನ ಎಂಟೂವರೆಯ ಹೊತ್ತಿಗೆ ಐದು ನಿಮಿಷ ನಿಂತರೆ ಸಾಕು, ಈ ಊರಿನ ದೊಡ್ಡ ವ್ಯವಹಾರ ಯಾವುದೆಂದು ತಿಳಿದುಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ, ಸ್ಕೂಟರಿನ ಹಿಂಬದಿಯಲ್ಲಿ, ರಿಕ್ಷಾದ ಒಳಗೆ, ಮಡಚಿದ ಬಿಳಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಉತ್ತರಕ್ಕೆ ಕೆ.ಪಿ.ಟಿ. ದಾಟಿದರೆ ಕುಂಟಿಕಾನದಲ್ಲಿ ಎ.ಜೆ. ವೈದ್ಯಕೀಯ ಕಾಲೇಜು. ದಕ್ಷಿಣಕ್ಕೆ ಪಂಪ್‌ವೆಲ್ ತಲುಪಿದರೆ ಪಕ್ಕದಲ್ಲೇ ಕಂಕನಾಡಿಯ ಫಾದರ್ ಮುಲ್ಲರ್. ಅದೇ ಹೆದ್ದಾರಿಯಲ್ಲಿ ಮುಂದುವರಿದು, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ಹೊರಳಿದರೆ ದೇರಳಕಟ್ಟೆಯ ಯೇನೆಪೋಯ ಮತ್ತು ಕೆ.ಎಸ್. ಹೆಗ್ಡೆ ಕಾಲೇಜುಗಳು. ಪಶ್ಚಿಮಕ್ಕೆ ಮಲ್ಲಿಕಟ್ಟೆಯ ದಾರಿ ಹಿಡಿದು ಪೇಟೆಗಿಳಿದರೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮತ್ತು ವೆನ್ಲಾಕ್ ಆಸ್ಪತ್ರೆ. ಉಳಿದದ್ದು ಪೂರ್ವದ ದಾರಿ. ಬಿಕರ್ನಕಟ್ಟೆ, ಕುಲಶೇಖರ, ಮೂಡುಬಿದಿರೆಯ ಕಡೆಯಿಂದ ಬರುವ ಆ ರಸ್ತೆಯಲ್ಲಿ ಸಾಲುಸಾಲಾಗಿ ಬಸ್ಸುಗಳು ಬರುತ್ತವೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದ ರೋಗಿಗಳೂ ಅವುಗಳಲ್ಲಿರುತ್ತಾರೆ.

ವಿದ್ಯಾರ್ಥಿ ಇದ್ದಾನೆ, ರೋಗಿ ಇದ್ದಾನೆ. ಇವರಿಬ್ಬರ ನಡುವೆ ನಿಂತು ಒಬ್ಬನ ನೋವನ್ನು ಇನ್ನೊಬ್ಬನ ಪಾಠವಾಗಿಸುವ ಮೂರನೆಯ ವ್ಯಕ್ತಿಯೊಬ್ಬರಿದ್ದಾರೆ. ಅವರೇ ವೈದ್ಯಕೀಯ ಕಾಲೇಜಿನ ಅಧ್ಯಾಪಕರು. ಮಗಳಿಗೆ ಸೀಟು ಸಿಕ್ಕಿತೇ, ಶುಲ್ಕವೆಷ್ಟು, ಹಾಸ್ಟೆಲಿನ ಊಟ ಹೇಗೆ ಎಂದು ವಿಚಾರಿಸುವ ಹೆತ್ತವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ: ಈ ಅಧ್ಯಾಪಕರಿಗೆ ಪಾಠ ಹೇಳುವುದನ್ನು ಕಲಿಸಿದವರು ಯಾರು? ಇನ್ನೂ ಕಲಿಯಬೇಕಾದದ್ದು ಇದ್ದರೆ, ಅದು ಯಾವುದೆಂದು ಪತ್ತೆಹಚ್ಚುವುದು ಹೇಗೆ?

ಬಲ್ಲವರೆಲ್ಲ ಕಲಿಸಬಲ್ಲರೇ?

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ಬಿ.ಎಸ್ಸಿ. ಪದವಿಯೊಂದೇ ಸಾಲದು. ಬಿ.ಎಡ್. ಆಗಲೇಬೇಕು. ಪಾಠಟಿಪ್ಪಣಿ ಬರೆಯಬೇಕು, ಬೋಧನೋಪಕರಣ ತಯಾರಿಸಬೇಕು, ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರ ಎದುರು ಅಭ್ಯಾಸಪಾಠ ಕೊಡಬೇಕು. ‘ಕರಿಹಲಗೆಯ ಮೇಲಿನ ಅಕ್ಷರ ಕೊನೆಯ ಸಾಲಿಗೆ ಕಾಣಿಸಲಿಲ್ಲ’, ‘ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಸಮಯ ಕೊಡಲಿಲ್ಲ’ ಎಂಬಂಥ ಟೀಕೆಗಳನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ಹೃದಯದ ನಾಲ್ಕು ಕೋಣೆಗಳನ್ನು ವಿವರಿಸುವವರಿಗೆ ಇಷ್ಟೆಲ್ಲ ಸಿದ್ಧತೆ ಬೇಕು.

ಅದೇ ಹೃದಯವನ್ನು ನಾಳಿನ ಡಾಕ್ಟರರಿಗೆ ಕಲಿಸುವವರಿಗೆ ದಶಕಗಳ ಕಾಲ ಇಂಥ ಯಾವ ಕಡ್ಡಾಯವೂ ಇರಲಿಲ್ಲ. ಎಂ.ಡಿ. ಅಥವಾ ಎಂ.ಎಸ್. ಮುಗಿಸಿದವರನ್ನು ನೂರು, ನೂರೈವತ್ತು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ ‘ಪಾಠ ಮಾಡಿ’ ಎನ್ನಲಾಗುತ್ತಿತ್ತು. ತಮಗೆ ಕಲಿಸಿದ ಗುರುಗಳು ಹೇಗೆ ಕಲಿಸಿದ್ದರೋ ಹಾಗೆಯೇ ಅವರೂ ಕಲಿಸುತ್ತಿದ್ದರು. ಗುರು ಒಳ್ಳೆಯವರಾಗಿದ್ದರೆ ಶಿಷ್ಯನ ಪುಣ್ಯ. ಅವರು ಬೈದು ಕಲಿಸಿದ್ದರೆ ಆ ಬೈಗುಳವೂ ಮುಂದಿನ ತಲೆಮಾರಿಗೆ ಹಸ್ತಾಂತರವಾಗುತ್ತಿತ್ತು.

ಹಾಗೆಂದ ಮಾತ್ರಕ್ಕೆ ಹಿಂದಿನವರು ಕೆಟ್ಟ ಅಧ್ಯಾಪಕರಾಗಿದ್ದರು ಎಂದಲ್ಲ. ರೋಗಿಯ ನಾಡಿ ಹಿಡಿದು ನಿಂತಲ್ಲೇ ಅರ್ಧ ಪುಸ್ತಕವನ್ನು ಮನದಟ್ಟು ಮಾಡಿಸಿದ ಹಿರಿಯರ ನೆನಪು ಅನೇಕ ವೈದ್ಯರಲ್ಲಿ ಇಂದಿಗೂ ಹಸಿರಾಗಿದೆ. ಆದರೆ ಅದು ಅವರಿಗೆ ಹುಟ್ಟಿನಿಂದ ಬಂದ ಕಲೆ. ನೇತ್ರಾವತಿಯಲ್ಲಿ ಮೀನಿನಂತೆ ಈಜಬಲ್ಲವನು ಮಗುವಿಗೆ ಈಜು ಕಲಿಸಬಲ್ಲನೆಂಬ ಭರವಸೆಯಿಲ್ಲ. ಕೈಯನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಬೇರೆಯದೇ ವಿದ್ಯೆ.

ಈ ವಿದ್ಯೆ ಇಲ್ಲದಿದ್ದಾಗ ನಷ್ಟ ಯಾರಿಗೆ? ದ್ವಿತೀಯ ಪಿ.ಯು.ಸಿ.ಯಲ್ಲಿ ಊರಿಗೇ ಮೊದಲಿಗಳಾದ ಹುಡುಗಿ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಎಡವುತ್ತಾಳೆ. ತನಗೆ ಬುದ್ಧಿ ಸಾಲದೆಂದು ಅವಳು ಕೊರಗುತ್ತಾಳೆ. ಮೊಬೈಲು ನೋಡಿ ಕೆಟ್ಟಳೆಂದು ಮನೆಯವರು ದೂರುತ್ತಾರೆ. ಪಾಠ ಅವಳನ್ನು ತಲುಪಿತೇ ಎಂದು ಕೇಳುವವರು ಕಡಿಮೆ.

ಒಂದು ಕಾಲೇಜಿನಿಂದ ಹಲವು ಕಾಲೇಜಿಗೆ

ಕರಾವಳಿಯಲ್ಲಿ ವೈದ್ಯಕೀಯ ಶಿಕ್ಷಣದ ಕಥೆ ಶುರುವಾಗುವುದು 1953ರಲ್ಲಿ. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಸರಕಾರವೇ ಕಾಲೇಜು ತೆರೆಯಬೇಕೆಂದು ಕಾದು ಕುಳಿತಿದ್ದ ಕಾಲದಲ್ಲಿ ಅದೊಂದು ಸಾಹಸ. ಆದರೆ ಪುಸ್ತಕ ಮತ್ತು ಪ್ರಯೋಗಾಲಯ ಒದಗಿದ ಮಾತ್ರಕ್ಕೆ ಡಾಕ್ಟರರು ತಯಾರಾಗುವುದಿಲ್ಲ, ರೋಗಿಗಳು ಬೇಕು. ಅದಕ್ಕಾಗಿ 1955ರಲ್ಲಿ ಮಂಗಳೂರಿನ ಕಾಲೇಜು ಹುಟ್ಟಿತು. 1848ರಲ್ಲಿ ಸ್ಥಾಪನೆಯಾದ ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳೇ ವಿದ್ಯಾರ್ಥಿಗಳ ತರಗತಿಗಳಾದವು.

ಆಮೇಲೆ ಬಹುಕಾಲ ಮಂಗಳೂರಿಗೆ ಅದೊಂದೇ ಕಾಲೇಜು. 1999ರಲ್ಲಿ ಚಿತ್ರ ಒಮ್ಮೆಲೇ ಬದಲಾಯಿತು. ಜರ್ಮನಿಯ ಯೇಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ತೆರೆದ ಔಷಧಾಲಯದಿಂದ ಬೆಳೆದ ಫಾದರ್ ಮುಲ್ಲರ್ ಸಂಸ್ಥೆ ಆ ವರ್ಷ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ದೇರಳಕಟ್ಟೆಯ ಎರಡು ಕಾಲೇಜುಗಳೂ ಅದೇ ವರ್ಷದವು. 2002ರಲ್ಲಿ ಎ.ಜೆ. ಕಾಲೇಜು ಸೇರಿಕೊಂಡಿತು, ಮುಂದೆ ಇನ್ನಷ್ಟು ಬಂದವು. ಈ ನಡುವೆ ಮಣಿಪಾಲದ ಸಂಸ್ಥೆ 1993ರಲ್ಲಿಯೂ ನಿಟ್ಟೆ ಮತ್ತು ಯೇನೆಪೋಯ ಸಂಸ್ಥೆಗಳು 2008ರಲ್ಲಿಯೂ ಪರಿಗಣಿತ ವಿಶ್ವವಿದ್ಯಾನಿಲಯಗಳಾದವು. ರಾಜ್ಯದ ಇತರ ವೈದ್ಯಕೀಯ ಕಾಲೇಜುಗಳಿಗಾಗಿ 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು.

ಕಟ್ಟಡವನ್ನು ಎರಡು ವರ್ಷದಲ್ಲಿ ಕಟ್ಟಬಹುದು, ಯಂತ್ರಗಳನ್ನು ಎರಡು ತಿಂಗಳಲ್ಲಿ ತರಿಸಬಹುದು. ಅಧ್ಯಾಪಕರನ್ನು ಹಾಗೆ ತರಿಸಲಾಗದು. ಒಂದು ಊರಿನಲ್ಲಿ ಒಂದೇ ವರ್ಷ ಮೂರು ಕಾಲೇಜು ತೆರೆದಾಗ ಬಹಳಷ್ಟು ಯುವ ವೈದ್ಯರು ಬಹುಬೇಗ ಅಧ್ಯಾಪಕರಾಗಬೇಕಾಗುತ್ತದೆ. ತರಬೇತಿಯ ಮಾತು ಗಂಭೀರವಾಗುವುದು ಇಲ್ಲಿಯೇ.

ಹೊರಗಿನಿಂದ ಬಂದ ಅರಿವು

ವೈದ್ಯಕೀಯ ಅಧ್ಯಾಪಕರಿಗೂ ಬೋಧನಾ ತರಬೇತಿ ಬೇಕೆಂಬ ವಿಚಾರ 1950ರ ದಶಕದಲ್ಲಿ ಅಮೆರಿಕದ ಬಫೆಲೊ ನಗರದಲ್ಲಿ ಗಟ್ಟಿಯಾಯಿತು. ಅಲ್ಲಿನ ವೈದ್ಯ ಜಾರ್ಜ್ ಮಿಲ್ಲರ್ ಶಿಕ್ಷಣಶಾಸ್ತ್ರದ ಪಂಡಿತರನ್ನು ವೈದ್ಯಕೀಯ ಕಾಲೇಜಿಗೆ ಕರೆತಂದು ಒಟ್ಟಿಗೆ ಕೆಲಸ ಮಾಡಿದರು. ಮುಂದೆ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಅದಕ್ಕಾಗಿಯೇ ಒಂದು ವಿಭಾಗ ಕಟ್ಟಿದರು. ವಿಶ್ವ ಆರೋಗ್ಯ ಸಂಸ್ಥೆ ಈ ವಿಚಾರವನ್ನು ದೇಶದೇಶಗಳಿಗೆ ಒಯ್ದಿತು. ಅದರ ನೆರವಿನಿಂದ ಭಾರತದಲ್ಲಿ ರಾಷ್ಟ್ರೀಯ ಅಧ್ಯಾಪಕ ತರಬೇತಿ ಕೇಂದ್ರಗಳು ತೆರೆದವು. ಪುದುಚೇರಿಯ ಜಿಪ್ಮರ್‌ನಲ್ಲಿ 1970ರ ದಶಕದಲ್ಲಿ ಆರಂಭವಾದ ಕೇಂದ್ರ ದಕ್ಷಿಣದ ಅನೇಕ ಅಧ್ಯಾಪಕರಿಗೆ ‘ಬಿ.ಎಡ್. ಕಾಲೇಜು’ ಆಯಿತೆಂದರೆ ತಪ್ಪಲ್ಲ.

ಭಾರತೀಯ ವೈದ್ಯಕೀಯ ಪರಿಷತ್ತು 1997ರ ನಿಯಮಾವಳಿಯಲ್ಲಿ ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕಗಳಿರಬೇಕೆಂದು ಹೇಳಿತು. 2009ರಿಂದ ಪ್ರಾದೇಶಿಕ ಕೇಂದ್ರಗಳ ಮೂಲಕ ಅಧ್ಯಾಪಕರಿಗೆ ಮೂಲ ತರಬೇತಿಯ ಕಾರ್ಯಾಗಾರಗಳು ನಡೆಯತೊಡಗಿದವು. 2020ರಲ್ಲಿ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗದ 2022ರ ನಿಯಮಗಳು ಅಧ್ಯಾಪಕರ ಬಡ್ತಿಗೆ ವೈದ್ಯಕೀಯ ಶಿಕ್ಷಣದ ಮೂಲ ಕೋರ್ಸನ್ನೂ ಸಂಶೋಧನಾ ವಿಧಾನದ ಮೂಲ ಕೋರ್ಸನ್ನೂ ಅಗತ್ಯವೆಂದವು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2019ರಲ್ಲಿ. ಆ ವರ್ಷ ಸೇರಿದ ಎಂ.ಬಿ.ಬಿ.ಎಸ್. ತಂಡದಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂತು. ವಿದ್ಯಾರ್ಥಿಗೆ ಏನು ಗೊತ್ತು ಎಂಬುದಕ್ಕಿಂತ ಅವನು ಏನು ಮಾಡಬಲ್ಲ ಎಂಬುದು ಇದರಲ್ಲಿ ಮುಖ್ಯ. ಪದವಿ ಪಡೆದು ಹೊರಬರುವವನು ಚಿಕಿತ್ಸಕ, ತಂಡದ ನಾಯಕ ಮತ್ತು ಸದಸ್ಯ, ಸಂವಹನಕಾರ, ಬದುಕಿಡೀ ಕಲಿಯುವವನು, ವೃತ್ತಿಧರ್ಮ ಬಲ್ಲವನು ಎಂಬ ಐದು ಪಾತ್ರಗಳಿಗೆ ಸಿದ್ಧನಾಗಿರಬೇಕು. ಉಪನ್ಯಾಸ ವೇಳಾಪಟ್ಟಿಯ ಮೂರನೆಯ ಒಂದು ಪಾಲನ್ನು ಮೀರಬಾರದು. ಉಳಿದದ್ದೆಲ್ಲ ಚರ್ಚೆ, ಪ್ರಯೋಗ, ಸಣ್ಣ ಗುಂಪಿನ ಕಲಿಕೆ, ರೋಗಿಯ ಹಾಸಿಗೆಯ ಪಕ್ಕದ ಪಾಠ.

ಅಂದರೆ ಇಪ್ಪತ್ತು ವರ್ಷ ಉಪನ್ಯಾಸ ಕೊಟ್ಟು ಪಳಗಿದವರ ಕೆಲಸದ ಸ್ವರೂಪವೇ ಒಂದು ದಿನ ಬದಲಾಗಿಬಿಟ್ಟಿತು.

ಉಪನ್ಯಾಸಕ್ಕಿಂತ ಆಚೆ

ಸ್ಕಾಟ್ಲೆಂಡಿನ ಡಂಡಿಯ ವೈದ್ಯಕೀಯ ಶಿಕ್ಷಣತಜ್ಞ ರೊನಾಲ್ಡ್ ಹಾರ್ಡನ್ ಮತ್ತು ಜಾಯ್ ಕ್ರಾಸ್‌ಬಿ 2000ದಲ್ಲಿ ಅಧ್ಯಾಪಕರ ಪಾತ್ರಗಳನ್ನು ಎಣಿಸಿದಾಗ ಹನ್ನೆರಡು ಸಿಕ್ಕಿದವು. ಉಪನ್ಯಾಸಕ, ಮಾರ್ಗದರ್ಶಿ, ಪರೀಕ್ಷಕ, ಪಠ್ಯಕ್ರಮ ಯೋಜಕ, ಪಠ್ಯಸಾಮಗ್ರಿ ರಚಿಸುವವ, ತನ್ನ ನಡತೆಯಿಂದಲೇ ಮಾದರಿಯಾಗುವವ ಎಂಬವು ಅವುಗಳಲ್ಲಿ ಕೆಲವು. ಒಬ್ಬರೇ ಹನ್ನೆರಡರಲ್ಲೂ ನಿಷ್ಣಾತರಾಗಬೇಕಿಲ್ಲ. ಆದರೆ ಒಂದು ಕಾಲೇಜಿನಲ್ಲಿ ಹನ್ನೆರಡಕ್ಕೂ ಜನ ಇರಬೇಕು.

ಇದೇ ಹಾರ್ಡನ್ 1975ರಲ್ಲಿ ರೂಪಿಸಿದ ‘ಓಸ್ಕಿ’ ಎಂಬ ಪರೀಕ್ಷೆಯನ್ನು ಗಮನಿಸಿ. ವಿದ್ಯಾರ್ಥಿಗಳು ಒಂದರ ನಂತರ ಒಂದು ಮೇಜಿಗೆ ಹೋಗುತ್ತಾರೆ. ಒಂದು ಕಡೆ ರಕ್ತದೊತ್ತಡ ಅಳೆಯಬೇಕು, ಇನ್ನೊಂದು ಕಡೆ ಎಕ್ಸ್‌ರೇ ಓದಬೇಕು, ಮತ್ತೊಂದು ಕಡೆ ರೋಗಿಯ ಪಾತ್ರದಲ್ಲಿರುವವರಿಗೆ ಇನ್‌ಸುಲಿನ್ ಚುಚ್ಚಿಕೊಳ್ಳುವ ಕ್ರಮವನ್ನು ವಿವರಿಸಬೇಕು. ಗಂಟೆ ಬಾರಿಸಿದೊಡನೆ ಮುಂದಿನ ಮೇಜು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅವಧಿ, ಪರೀಕ್ಷಕರ ಕೈಯಲ್ಲಿ ಒಂದೇ ಅಂಕಪಟ್ಟಿ. ಪರೀಕ್ಷಕರ ಮರ್ಜಿಗಾಗಲಿ ವಿದ್ಯಾರ್ಥಿಯ ಅದೃಷ್ಟಕ್ಕಾಗಲಿ ಇಲ್ಲಿ ಜಾಗ ಕಡಿಮೆ. ಆದರೆ ಇಂಥ ಪರೀಕ್ಷೆಯನ್ನು ಯೋಜಿಸುವುದು, ಅಂಕಪಟ್ಟಿ ಸಿದ್ಧಪಡಿಸುವುದು, ರೋಗಿಯ ಪಾತ್ರಧಾರಿಗೆ ಅಭ್ಯಾಸ ಮಾಡಿಸುವುದು ಎಂ.ಡಿ. ಪಠ್ಯಪುಸ್ತಕದಿಂದ ಬರುವ ವಿದ್ಯೆಯಲ್ಲ.

ಮೊದಲು ಎಣಿಕೆ, ಆಮೇಲೆ ಸೇತುವೆ

ಹಾಗಾದರೆ ಎಲ್ಲ ಅಧ್ಯಾಪಕರನ್ನೂ ಕೂಡಿಸಿ ಎಲ್ಲವನ್ನೂ ಕಲಿಸಿಬಿಟ್ಟರಾಯಿತಲ್ಲ? ಇಲ್ಲಿ ಮತ್ತೆ ನಂತೂರಿಗೆ ಬರಬೇಕು. ಇಂಥ ವೃತ್ತದಲ್ಲಿ ಮೇಲ್ಸೇತುವೆ ಕಟ್ಟುವ ಮುನ್ನ ಎಂಜಿನಿಯರರು ವಾಹನ ಎಣಿಸುತ್ತಾರೆ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಯಾವ ಹೊತ್ತಿನಲ್ಲಿ, ಲಾರಿ ಎಷ್ಟು, ದ್ವಿಚಕ್ರ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಎಣಿಸದೆ ಕಟ್ಟಿದರೆ ಜನರಿಲ್ಲದ ಕಡೆ ಸೇತುವೆ, ಇಕ್ಕಟ್ಟಿನ ಕಡೆ ಹೊಂಡ ಎಂಬಂತಾದೀತು. ತರಬೇತಿಯ ವಿಷಯವೂ ಹಾಗೆಯೇ. ತಜ್ಞರು ಇದನ್ನು ತರಬೇತಿಯ ಅಗತ್ಯದ ಮೌಲ್ಯಮಾಪನ ಎನ್ನುತ್ತಾರೆ.

‘ಅಗತ್ಯ’ ಎಂದರೇನು? ಇರಬೇಕಾದ ಸ್ಥಿತಿಗೂ ಇರುವ ಸ್ಥಿತಿಗೂ ನಡುವಿನ ಅಂತರವೇ ಅಗತ್ಯ. ಆಸೆ ಬೇರೆ, ಅಗತ್ಯ ಬೇರೆ. ಗೋವೆಯಲ್ಲಿ ನಡೆಯುವ ಸಮ್ಮೇಳನಕ್ಕೆ ಹೋಗಬೇಕೆಂಬುದು ಆಸೆ. ಒಳ್ಳೆಯ ಪ್ರಶ್ನೆಪತ್ರಿಕೆ ತಯಾರಿಸಲು ಬಾರದಿರುವುದು ಅಗತ್ಯ.

ಅಂತರವನ್ನು ಅಳೆಯಲು ಅಮೆರಿಕದ ಶಿಕ್ಷಣತಜ್ಞ ಗ್ಯಾರಿ ಬೋರಿಚ್ 1980ರಲ್ಲಿ ಸರಳ ಲೆಕ್ಕವೊಂದನ್ನು ಕೊಟ್ಟರು. ಅಧ್ಯಾಪಕರ ಮುಂದೆ ಅವರ ಕೆಲಸಗಳ ಪಟ್ಟಿ ಇಡಲಾಗುತ್ತದೆ. ಪ್ರತಿ ಕೆಲಸಕ್ಕೂ ಅವರು ಎರಡು ಅಂಕ ಕೊಡಬೇಕು. ಆ ಕೆಲಸ ಎಷ್ಟು ಮುಖ್ಯ ಎಂಬುದಕ್ಕೆ ಒಂದು, ಅದು ತಮಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅಂತರ. ಆ ಅಂತರವನ್ನು ಎಲ್ಲರೂ ಕೊಟ್ಟ ‘ಮುಖ್ಯ’ ಅಂಕದ ಸರಾಸರಿಯಿಂದ ಗುಣಿಸಿದರೆ ಅಗತ್ಯದ ತೂಕ.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಮಾಡಬಹುದು. ಅಂಕಿಗಳು ಕಲ್ಪಿತ, ಅಂಕ ಐದಕ್ಕೆ. ಒಬ್ಬರದೇ ಲೆಕ್ಕವಾದ್ದರಿಂದ ಸರಾಸರಿಯ ಜಾಗದಲ್ಲಿ ಅವರ ಅಂಕವನ್ನೇ ಇಟ್ಟಿದೆ. ಉಪನ್ಯಾಸ ಕೊಡುವುದು: ಮುಖ್ಯ 4, ಸಾಮರ್ಥ್ಯ 4. ಅಂತರ ಸೊನ್ನೆ, ತೂಕವೂ ಸೊನ್ನೆ. ಕಂಪ್ಯೂಟರಿನಲ್ಲಿ ಪಾಠದ ವಿಡಿಯೊ ತಯಾರಿಸುವುದು: ಮುಖ್ಯ 3, ಸಾಮರ್ಥ್ಯ 1. ಅಂತರ 2, ತೂಕ 6. ಪ್ರಶ್ನೆಪತ್ರಿಕೆ ರಚನೆ: ಮುಖ್ಯ 4, ಸಾಮರ್ಥ್ಯ 2. ಅಂತರ ಇಲ್ಲಿಯೂ 2, ಆದರೆ ತೂಕ 8. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ತಿಳಿಸುವ ಬಗೆಯನ್ನು ಕಲಿಸುವುದು: ಮುಖ್ಯ 5, ಸಾಮರ್ಥ್ಯ 2. ಅಂತರ 3, ತೂಕ 15.

ಈ ನಾಲ್ಕು ಸಾಲುಗಳನ್ನು ನೋಡಿದ ಪ್ರಾಂಶುಪಾಲರಿಗೆ ಮೊದಲ ಹಣವನ್ನು ಎಲ್ಲಿ ಹಾಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವಿಡಿಯೊ ತರಬೇತಿ ಹೊಸತೆಂದು ಆಕರ್ಷಕವಾಗಿ ಕಂಡರೂ ಅದರ ಸರದಿ ಆಮೇಲೆ. ಇಂಗ್ಲೆಂಡಿನ ಹೆನೆಸಿ ಮತ್ತು ಹಿಕ್ಸ್ ಎಂಬ ಇಬ್ಬರು ತಜ್ಞೆಯರು ಆರೋಗ್ಯ ಸಿಬ್ಬಂದಿಗಾಗಿ ರೂಪಿಸಿದ ಪ್ರಶ್ನಾವಳಿಯೂ ಇದೇ ತತ್ತ್ವದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಸ್ವೀಕರಿಸಿದೆ.

ತನ್ನ ಬೆನ್ನು ತನಗೆ ಕಾಣದು

ಲೆಕ್ಕ ಸರಿ. ಆದರೆ ಸಾಮರ್ಥ್ಯದ ಅಂಕ ಕೊಟ್ಟವರು ಯಾರು? ಅಧ್ಯಾಪಕರೇ. ತೊಡಕು ಇರುವುದು ಇಲ್ಲಿ.

ವೈದ್ಯರು ತಮ್ಮ ಸಾಮರ್ಥ್ಯವನ್ನು ತಾವೇ ಎಷ್ಟು ಸರಿಯಾಗಿ ಅಳೆಯಬಲ್ಲರು ಎಂದು ತಿಳಿಯಲು ನಡೆದ ಅಧ್ಯಯನಗಳನ್ನೆಲ್ಲ ಪರಾಮರ್ಶಿಸಿದ ಲೇಖನವೊಂದು 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರು ತಮಗೆ ಕೊಟ್ಟುಕೊಂಡ ಅಂಕವನ್ನು ಹೊರಗಿನ ಅಳತೆಯೊಂದಿಗೆ ಹೋಲಿಸಿದ 20 ಸಂದರ್ಭಗಳಲ್ಲಿ 13ರಲ್ಲಿ ಇವೆರಡಕ್ಕೂ ನಂಟು ತೀರ ಕಡಿಮೆ, ಇಲ್ಲವೇ ಇಲ್ಲ, ಅಥವಾ ತಿರುವುಮುರುವು. ಕೌಶಲ ಅತಿ ಕಡಿಮೆ ಇದ್ದವರ, ಆತ್ಮವಿಶ್ವಾಸ ಅತಿ ಹೆಚ್ಚು ಇದ್ದವರ ಅಂದಾಜೇ ಹೆಚ್ಚು ತಪ್ಪಿತ್ತು. ಕಲಿಯಬೇಕಾದದ್ದು ಹೆಚ್ಚಿದ್ದವನಿಗೇ ತಾನು ಕಲಿತಿಲ್ಲವೆಂದು ಗೊತ್ತಾಗುವುದಿಲ್ಲ. ಇದು ವೈದ್ಯರಿಗೆ ಮಾತ್ರ ಅಂಟಿದ ದೋಷವಲ್ಲ, ಮನುಷ್ಯರೆಲ್ಲರದು.

ಆದ್ದರಿಂದ ಒಂದೇ ದಿಕ್ಕಿನಿಂದ ಎಣಿಸಿದರೆ ಸಾಲದು, ನಾಲ್ಕೂ ದಿಕ್ಕಿನಿಂದ ಎಣಿಸಬೇಕು. ಮೊದಲನೆಯದು ಅಧ್ಯಾಪಕರು ತಾವೇ ತುಂಬಿದ ಪ್ರಶ್ನಾವಳಿ. ಎರಡನೆಯದು ಹೆಸರು ಬರೆಯದೆ ವಿದ್ಯಾರ್ಥಿಗಳು ಕೊಡುವ ಅಭಿಪ್ರಾಯ. ಮೂರನೆಯದು ಬಿ.ಎಡ್. ಮೇಲ್ವಿಚಾರಕರಂತೆ ತರಗತಿಯ ಹಿಂದೆ ಕುಳಿತು ನೋಡುವ ಸಹೋದ್ಯೋಗಿಯ ಟಿಪ್ಪಣಿ. ನಾಲ್ಕನೆಯದು ಫಲಿತಾಂಶ: ಯಾವ ಪ್ರಶ್ನೆಗೆ ತರಗತಿಯ ಬಹುಪಾಲು ಮಂದಿ ತಪ್ಪು ಉತ್ತರ ಬರೆದರು, ಯಾವ ಕೌಶಲದಲ್ಲಿ ಎಡವಿದರು, ವಾರ್ಡಿನಲ್ಲಿ ರೋಗಿಗಳು ಏನೆನ್ನುತ್ತಾರೆ ಎಂಬ ದಾಖಲೆ. ನಾಲ್ಕೂ ಒಂದೇ ಕಡೆ ಬೆರಳು ತೋರಿಸಿದರೆ ಅಗತ್ಯ ಖಚಿತ. ‘ವಿವರಣೆಯಲ್ಲಿ ನನಗೆ ಐದಕ್ಕೆ ಐದು’ ಎಂದು ಅಧ್ಯಾಪಕರು ಬರೆದು, ‘ಹಿಂದಿನ ಬೆಂಚಿಗೆ ಏನೂ ತಿಳಿಯಲಿಲ್ಲ’ ಎಂದು ವಿದ್ಯಾರ್ಥಿಗಳು ಬರೆದರೆ ಅಲ್ಲಿಯೇ ಇನ್ನಷ್ಟು ಅಗೆಯಬೇಕು.

ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಮಿತಿಯಿದೆ. ನಗಿಸುವವರು, ಹಾಜರಿ ಸಡಿಲಿಸುವವರು ಸುಲಭವಾಗಿ ಹೆಚ್ಚು ಅಂಕ ಗಳಿಸಬಹುದು. ಕಟ್ಟುನಿಟ್ಟಿನವರ ಬೆಲೆ ಹತ್ತು ವರ್ಷಗಳ ನಂತರ ತಿಳಿದೀತು. ಆದರೂ ಪಾಠ ಕೇಳಿಸಿತೇ, ಪ್ರಶ್ನೆ ಕೇಳಲು ಧೈರ್ಯವಿತ್ತೇ, ತಪ್ಪು ಮಾಡಿದಾಗ ತಿದ್ದಿದರೇ, ಅವಮಾನ ಮಾಡಿದರೇ ಎಂಬುದನ್ನು ವಿದ್ಯಾರ್ಥಿಯಲ್ಲದೆ ಬೇರೆ ಯಾರು ಹೇಳಿಯಾರು?

‘ಬಂಜಿ ಬೇನೆ’ ಪುಸ್ತಕದಲ್ಲಿಲ್ಲ

ದೆಹಲಿಯಲ್ಲಿ ತಯಾರಾದ ಪಟ್ಟಿಯಲ್ಲಿ ಮಂಗಳೂರಿನ ಅಗತ್ಯಗಳೆಲ್ಲ ಇರುತ್ತವೆಂದು ಹೇಳಲಾಗದು. ಇಲ್ಲಿನ ವಾರ್ಡುಗಳಲ್ಲಿ ಒಂದು ಮಂಚದಿಂದ ಇನ್ನೊಂದಕ್ಕೆ ಭಾಷೆ ಬದಲಾಗುತ್ತದೆ. ಒಬ್ಬರು ತುಳುವಿನಲ್ಲಿ ‘ಬಂಜಿ ಬೇನೆ’ ಎಂದು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಪಕ್ಕದವರು ಬ್ಯಾರಿ ಭಾಷೆಯವರು, ಆಚೆಯವರು ಕೊಂಕಣಿಯವರು, ಕಾಸರಗೋಡಿನಿಂದ ಬಂದವರು ಮಲಯಾಳ ಮಾತಾಡುತ್ತಾರೆ, ಘಟ್ಟದ ಮೇಲಿನವರದು ಬೇರೆಯೇ ಕನ್ನಡ. ‘ಉಷ್ಣ ಆಗಿದೆ’, ‘ಪಿತ್ತ ಏರಿದೆ’, ‘ವಾಯು ಹಿಡಿದಿದೆ’ ಎಂಬ ಮಾತುಗಳಿಗೆ ಪಠ್ಯಪುಸ್ತಕದಲ್ಲಿ ನೇರ ಪದವಿಲ್ಲ. ದೇಶದ ನಾನಾ ಭಾಗಗಳಿಂದ ಬಂದ ವಿದ್ಯಾರ್ಥಿಗೆ ಇವು ಒಗಟು.

ರೋಗಿಯ ಮಾತು ಅರ್ಥವಾಗದಿದ್ದರೆ ರೋಗದ ಚರಿತ್ರೆ ಸಿಗದು, ಚರಿತ್ರೆ ಸಿಗದಿದ್ದರೆ ರೋಗನಿದಾನ ಕುರುಡಾಗುತ್ತದೆ. 2019ರ ಪಠ್ಯಕ್ರಮ ಆರಂಭದ ಬುನಾದಿ ಕೋರ್ಸಿನಲ್ಲಿಯೇ ಸ್ಥಳೀಯ ಭಾಷೆಯ ಕಲಿಕೆಯನ್ನು ಸೇರಿಸಿತು. ಸಂವಹನ ಮತ್ತು ವೈದ್ಯನೀತಿಯನ್ನು ವರ್ಷವರ್ಷವೂ ಕಲಿಸಬೇಕೆಂದಿತು. ಆದರೆ ಅದನ್ನು ಕಲಿಸುವ ಬಗೆಯನ್ನು ಅಧ್ಯಾಪಕರಿಗೆ ಹೇಳಿಕೊಟ್ಟವರಾರು? ಭಾಷೆ ಬಾರದ ವಿದ್ಯಾರ್ಥಿಯನ್ನು ರೋಗಿಯ ಮುಂದೆ ನಿಲ್ಲಿಸಿ, ನಡುವೆ ದುಭಾಷಿಯಂತೆ ನಿಂತು, ಇಬ್ಬರ ಮರ್ಯಾದೆಯನ್ನೂ ಕಾಯುತ್ತ ಪಾಠ ಮಾಡುವುದು ಸಾಮಾನ್ಯ ಕೌಶಲವಲ್ಲ.

ರೋಗಗಳೂ ಸ್ಥಳೀಯವೇ. ಮಲೇರಿಯಾ ಮಂಗಳೂರನ್ನು ದಶಕಗಳ ಕಾಲ ಕಾಡಿದೆ. ಮಳೆಗಾಲದ ಗದ್ದೆಯ ಕೆಸರಿನಿಂದ ಇಲಿಜ್ವರ ಬರುತ್ತದೆ. ಘಟ್ಟದ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ಮರೆಯಾಗಿಲ್ಲ. ಇವುಗಳನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಅಷ್ಟಾಗಿ ಕಲಿಸಲಾಗದು. ಹಳ್ಳಿಯ ಮನೆಯಂಗಳದಲ್ಲಿ ನಿಂತು ಪಾಠ ಮಾಡುವುದಕ್ಕೂ ತರಬೇತಿ ಬೇಕು.

ಮೂರು ದಿನದಲ್ಲಿ ಆದೀತೇ?

ತರಬೇತಿಗೆ ಅಡ್ಡಿಗಳು ಹಲವು. ಮೊದಲನೆಯದು ಸಮಯ. ಹೊರರೋಗಿ ವಿಭಾಗದಲ್ಲಿ ಸರದಿ ಬೆಳೆಯುತ್ತಿರುವಾಗ, ಶಸ್ತ್ರಚಿಕಿತ್ಸೆಗೆ ಕರೆ ಬಂದಾಗ ಕಾರ್ಯಾಗಾರದಲ್ಲಿ ಕೂರುವುದು ಹೇಗೆ? ಎರಡನೆಯದು ಹಿರಿತನ. ಇಪ್ಪತ್ತೈದು ವರ್ಷ ಕಲಿಸಿದವರಿಗೆ ‘ನಿಮಗೆ ಕಲಿಸಲು ಕಲಿಸುತ್ತೇವೆ’ ಎಂದರೆ ಸಿಟ್ಟು ಬರುವುದು ಸಹಜ. ಮೂರನೆಯದು ಪ್ರಮಾಣಪತ್ರದ ಮೋಹ. ಮೂಲ ಕೋರ್ಸು ಮೂರು ದಿನದ್ದು. ಮೂರು ದಿನ ಕುಳಿತು, ಕಾಗದ ಪಡೆದು, ನಾಲ್ಕನೆಯ ದಿನ ಹಳೆಯ ಟಿಪ್ಪಣಿ ಓದಿದರೆ ಬಡ್ತಿ ಸಿಕ್ಕೀತು, ಪಾಠ ಬದಲಾಗದು.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲಿನಲ್ಲಿ ಅಳೆಯಬೇಕೆಂದರು. ಬಂದವರಿಗೆ ಮೆಚ್ಚಿಗೆಯಾಯಿತೇ? ಏನಾದರೂ ಕಲಿತರೇ? ಮರಳಿ ಹೋದ ಮೇಲೆ ಕೆಲಸದ ರೀತಿ ಬದಲಾಯಿತೇ? ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ? ‘ಊಟ ಚೆನ್ನಾಗಿತ್ತು, ಉಪನ್ಯಾಸವೂ ಚೆನ್ನಾಗಿತ್ತು’ ಎಂಬ ಮೊದಲ ಮೆಟ್ಟಿಲಿನಲ್ಲೇ ಅನೇಕ ಕಾರ್ಯಾಗಾರಗಳು ನಿಂತುಬಿಡುತ್ತವೆ. ಆರು ತಿಂಗಳ ನಂತರ ಅದೇ ತರಗತಿಯ ಹಿಂದೆ ಮತ್ತೊಮ್ಮೆ ಕುಳಿತು ನೋಡಿದರೆ ಮಾತ್ರ ಮೂರನೆಯ ಮೆಟ್ಟಿಲು ಗೊತ್ತಾದೀತು.

ಸರಿಯಾದ ಅಗತ್ಯಕ್ಕೆ ಸರಿಯಾದ ತರಬೇತಿ ಸಿಕ್ಕರೆ ದೀರ್ಘ ಕೋರ್ಸೇ ಬೇಕೆಂದಿಲ್ಲ. 1992ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಐದು ಹೆಜ್ಜೆಗಳ ವಿಧಾನವೊಂದನ್ನು ನೋಡಿ. ಗಡಿಬಿಡಿಯ ವಾರ್ಡಿನಲ್ಲಿ ವಿದ್ಯಾರ್ಥಿ ರೋಗಿಯ ವಿವರ ಹೇಳುತ್ತಾನೆ. ಅಧ್ಯಾಪಕರು ತಕ್ಷಣ ಉತ್ತರ ಹೇಳಿಬಿಡುವುದಿಲ್ಲ. ‘ನಿನ್ನ ಪ್ರಕಾರ ಇದು ಏನು?’ ಎಂದು ಕೇಳುತ್ತಾರೆ. ‘ಹಾಗೆ ಅನ್ನಿಸಿದ್ದು ಯಾಕೆ?’ ಎಂದು ಕಾರಣ ಹೊರಡಿಸುತ್ತಾರೆ. ಒಂದು ಸಾಮಾನ್ಯ ನಿಯಮ ಕಲಿಸುತ್ತಾರೆ. ಸರಿಯಾಗಿ ಮಾಡಿದ್ದನ್ನು ಹೆಸರಿಸಿ ಮೆಚ್ಚುತ್ತಾರೆ. ತಪ್ಪನ್ನು ತಿದ್ದುತ್ತಾರೆ. ಕೆಲವೇ ನಿಮಿಷದ ಕೆಲಸ. ಆದರೆ ರೋಗಿಯ ಮುಂದೆ ಗದರಿಸಿಕೊಂಡು ತಲೆತಗ್ಗಿಸಿ ನಿಂತ ವಿದ್ಯಾರ್ಥಿಗೂ ಈ ಐದು ಹೆಜ್ಜೆಗಳಲ್ಲಿ ಕಲಿತ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಅವರು ಡಾಕ್ಟರರಾದ ಮೇಲೆ ರೋಗಿಯೊಂದಿಗೆ ಆಡುವ ಮಾತಿನಲ್ಲಿ ಕಾಣಿಸುತ್ತದೆ.

ಹೆತ್ತವರು ಕೇಳಬಹುದಾದ ಪ್ರಶ್ನೆಗಳು

ಕಾಲೇಜು ನೋಡಲು ಹೋದ ಹೆತ್ತವರು ಕಟ್ಟಡದ ಜೊತೆಗೆ ಇವನ್ನೂ ವಿಚಾರಿಸಬಹುದು. ಕಾಲೇಜಿನ ವೈದ್ಯಕೀಯ ಶಿಕ್ಷಣ ಘಟಕ ಈ ವರ್ಷ ಏನೇನು ನಡೆಸಿತು? ಆ ವಿಷಯಗಳನ್ನು ಹೇಗೆ ಆರಿಸಿತು? ವಿದ್ಯಾರ್ಥಿಗಳ ಅಭಿಪ್ರಾಯವನ್ನು ಹೆಸರಿಲ್ಲದೆ ಪಡೆಯುವ ಕ್ರಮವಿದೆಯೇ, ಪಡೆದ ಮೇಲೆ ಏನು ಬದಲಾಯಿತು? ಹಿಂದುಳಿದ ವಿದ್ಯಾರ್ಥಿಗೆ ಆಸರೆಯಾಗುವ ಮಾರ್ಗದರ್ಶಿ ಅಧ್ಯಾಪಕರಿದ್ದಾರೆಯೇ? ಹೊರರಾಜ್ಯದ ವಿದ್ಯಾರ್ಥಿಗಳಿಗೆ ಕನ್ನಡ, ತುಳು ಕಲಿಸುವ ಏರ್ಪಾಡಿದೆಯೇ? ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಕ್ಯಾಂಟೀನಿನಲ್ಲಿ ಸಿಕ್ಕರೆ ಅವನನ್ನೂ ಮಾತಾಡಿಸಿ. ಎಷ್ಟೋ ಉತ್ತರಗಳು ಅಲ್ಲಿ ಸಿಗುತ್ತವೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಅಭಿಪ್ರಾಯದ ಹಾಳೆ ಕೈಗೆ ಬಂದಾಗ ಎಲ್ಲದಕ್ಕೂ ಕಣ್ಣುಮುಚ್ಚಿ ‘ಉತ್ತಮ’ ಎಂದು ಗೀಚಿ ಕೊಡಬೇಡಿ, ಸಿಟ್ಟು ತೀರಿಸಿಕೊಳ್ಳಲೂ ಬಳಸಬೇಡಿ. ಯಾವ ಪಾಠ, ಎಲ್ಲಿ ತಿಳಿಯಲಿಲ್ಲ ಎಂದು ನಿಖರವಾಗಿ ಬರೆಯಿರಿ. ಅದು ನಿಮ್ಮ ನಂತರ ಬರುವವರಿಗೆ ನೀವು ಮಾಡುವ ಉಪಕಾರ.

ನಂತೂರಿನ ಇಕ್ಕಟ್ಟಿನಲ್ಲಿ ಆಗಾಗ ಆಂಬುಲೆನ್ಸಿನ ಸೈರನ್ ಕೇಳಿಸುತ್ತದೆ. ಅಷ್ಟು ಹೊತ್ತು ಒಂದಂಗುಲ ಬಿಡದೆ ನುಗ್ಗುತ್ತಿದ್ದ ಬಸ್ಸು, ಲಾರಿ, ಸ್ಕೂಟರುಗಳು ಹೇಗೋ ಸರಿದು ದಾರಿ ಕೊಡುತ್ತವೆ. ಆಂಬುಲೆನ್ಸು ಉತ್ತರಕ್ಕೋ ದಕ್ಷಿಣಕ್ಕೋ ಪಶ್ಚಿಮಕ್ಕೋ ಹೋಗಿ ಯಾವುದೋ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತದೆ. ಅಲ್ಲಿ ರೋಗಿಯನ್ನು ಮೊದಲು ಮುಟ್ಟುವ ಕೈ ಬಹುಶಃ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹರೆಯದ ಗೃಹವೈದ್ಯನದು. ಆ ಕೈ ನಡುಗದಿರಲಿ ಎಂದು ಹಾರೈಸುವ ಮನೆಯವರಿಗೆ ಅವನಿಗೆ ಕಲಿಸಿದವರು ಯಾರೆಂಬುದು ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅವರು ಚೆನ್ನಾಗಿ ಕಲಿಸಿದ್ದರೆ ಸಾಕು.